ಅಪ್ಲಿಕೇಟರ್ ಇಲ್ಲದ ಟ್ಯಾಂಪೂನ್: ಬೆರಳಿದ್ದರೆ ಕೊಳವೆ ಯಾಕೆ?

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಟ್ಯಾಂಪೂನ್ ಅಂದರೆ ಮುಟ್ಟಿನ ರಕ್ತ ಹೀರಲು ಯೋನಿಯೊಳಗೆ ಇಡುವ ಉರುಳೆ; ಅಪ್ಲಿಕೇಟರ್ ಅಂದರೆ ಅದನ್ನು ಒಳಗೆ ತಳ್ಳುವ ಕೊಳವೆ. ಅಪ್ಲಿಕೇಟರ್ ಇಲ್ಲದ ಟ್ಯಾಂಪೂನಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು ಅಂಕ. ಆ ಒಂದು ಅಂಕ ಕಳೆದದ್ದು ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ತುರುಕಿರುತ್ತಾರಲ್ಲ, ಆ ಚೀಟಿಗೆ. ಹೆಂಗಸಿನ ಸೊಂಟವನ್ನು ಪಕ್ಕದಿಂದ ತೋರಿಸುವ ಒಂದು ಚಿತ್ರ, ಅದರೊಳಗೊಂದು ಬಾಣ. ಬಾಣ ಎತ್ತ ಹೋಗುತ್ತಿದೆ ಅಂತ ತಿಳಿಯಬೇಕಾದರೆ ಅದು ಎತ್ತ ಹೋಗಬೇಕು ಅಂತ ಮೊದಲೇ ಗೊತ್ತಿರಬೇಕು! ಹಾಗಾಗಿ ಚೀಟಿಯಲ್ಲಿ ಇರಬೇಕಾಗಿದ್ದನ್ನೂ ಸೇರಿಸಿಯೇ ಈ ವಿಮರ್ಶೆ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಾನು ಈಜುವವಳು. ಪ್ಯಾಡ್ ಇಟ್ಟುಕೊಂಡು ನೀರಿಗಿಳಿದರೆ ಅದು ರಕ್ತಕ್ಕಿಂತ ಮುಂಚೆ ನೀರನ್ನೇ ಕುಡಿದು ಊದಿಕೊಳ್ಳುತ್ತದೆ. ಮುಟ್ಟಿನ ರಕ್ತ ಹಿಡಿಯಲು ಒಳಗೆ ಇಡುವ ಕಪ್ ಬಳಸಿದ್ದೇನೆ, ಪ್ಲಾಸ್ಟಿಕ್ ಕೊಳವೆಯ ಟ್ಯಾಂಪೂನ್ ಕೂಡ ಬಳಸಿದ್ದೇನೆ. ಈಗ ಬ್ಯಾಗಿನ ಸಣ್ಣ ಜಿಪ್ಪಿನೊಳಗೆ ಕಾಯಂ ಆಗಿ ಇರುವುದು ಇದು, ಕೊಳವೆ ಇಲ್ಲದ್ದು.

ಮೊದಲು ವಸ್ತುವನ್ನು ನೋಡೋಣ. ತೆಳುವಾದ ಪಾರದರ್ಶಕ ಹೊದಿಕೆ, ಅದರ ನಡುವೆ ಎಳೆದು ಬಿಚ್ಚಲು ಒಂದು ಪಟ್ಟಿ. ಒಳಗೆ ಸೀಮೆಸುಣ್ಣದ ತುಂಡಿನಷ್ಟು ಗಟ್ಟಿಯಾಗಿ ಒತ್ತಿದ ಒಂದು ಉರುಳೆ, ಉದ್ದ ಸುಮಾರು 5 ಸೆಂಟಿಮೀಟರ್. ಹತ್ತಿ, ಇಲ್ಲವೇ ರೇಯಾನ್, ಇಲ್ಲವೇ ಎರಡರ ಮಿಶ್ರಣ. ಮೈಮೇಲೆ ಉದ್ದಕ್ಕೂ ಗೀರುಗಳು, ಕೆಲವದರಲ್ಲಿ ನೇರ, ಕೆಲವದರಲ್ಲಿ ಸುರುಳಿ. ಮುಂದಿನ ತುದಿ ದುಂಡಗೆ. ಹಿಂದಿನ ತುದಿಯಲ್ಲಿ ದಾರ. ಅಷ್ಟೇ. ಕೊಳವೆ ಇರುವ ಟ್ಯಾಂಪೂನಿನ ಪಕ್ಕ ಇಟ್ಟರೆ ಇದು ಅದರ ಅರ್ಧವೂ ಇಲ್ಲ. ಮುಷ್ಟಿಯಲ್ಲಿ ಹಿಡಿದು ಬಾತ್ರೂಮಿಗೆ ಹೋದರೆ ಯಾರಿಗೂ ಕಾಣುವುದಿಲ್ಲ. ಬಳಸಿದ ಮೇಲೆ ಎಸೆಯಲು ಪ್ಲಾಸ್ಟಿಕ್ ಕೊಳವೆಯೂ ಉಳಿಯುವುದಿಲ್ಲ.

ಕೊಳವೆ ಇರುವುದೇ ಮೂಲ, ಇದು ಅದರ ಅಗ್ಗದ ತಮ್ಮ ಅಂತ ಹಲವರ ಭಾವನೆ. ಹಾಗೇನಿಲ್ಲ. ರಟ್ಟಿನ ಕೊಳವೆಯ ಟ್ಯಾಂಪೂನಿಗೆ ಅಮೆರಿಕದ ವೈದ್ಯ ಅರ್ಲ್ ಹಾಸ್ 1931ರಲ್ಲಿ ಪೇಟೆಂಟ್ ಅರ್ಜಿ ಹಾಕಿದ; ಅದೇ ಮುಂದೆ ಟ್ಯಾಂಪ್ಯಾಕ್ಸ್ ಆಯಿತು. ಜರ್ಮನಿಯಲ್ಲಿ ಕಾರ್ಲ್ ಹಾನ್ ಎಂಬ ಉದ್ಯಮಿಯ ಜೊತೆ ಸೇರಿ ಯೂಡಿತ್ ಎಸ್ಸರ್ ಎಂಬ ವೈದ್ಯೆ ಬೆರಳಿನಿಂದಲೇ ಇಡುವ ಟ್ಯಾಂಪೂನ್ ರೂಪಿಸಿದರು. ಅದು ಓ.ಬಿ. ಹೆಸರಿನಲ್ಲಿ 1950ರಲ್ಲಿ ಮಾರುಕಟ್ಟೆಗೆ ಬಂತು. ಅಂದರೆ ಕೊಳವೆ ಬೇಡ ಅಂತ ಯೋಚನೆ ಮಾಡಿಯೇ ಬಿಟ್ಟದ್ದು, ಅದೂ ಸ್ತ್ರೀರೋಗ ತಿಳಿದ ಒಬ್ಬ ಹೆಂಗಸು. ಬಳಸುತ್ತಾ ಬಂದ ಹಾಗೆ ಆಕೆಯ ಲೆಕ್ಕಾಚಾರ ನನಗೂ ಅರ್ಥವಾಯಿತು: ಕೊಳವೆಗೆ ಏನೂ ತಿಳಿಯುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಎಲ್ಲಿ ಬಿಗಿ, ಎಲ್ಲಿ ಸಡಿಲ, ಎತ್ತ ತಿರುಗಬೇಕು, ಸಾಕಷ್ಟು ಒಳಗೆ ಹೋಯಿತೋ ಇಲ್ಲವೋ ಎಲ್ಲವನ್ನೂ ಬೆರಳ ತುದಿಯೇ ಹೇಳುತ್ತದೆ.

ಅದಕ್ಕೇ ಬೆರಳಿನ ಬಗ್ಗೆ ಮೊದಲು. ಉಗುರು ಕತ್ತರಿಸಿಕೊಳ್ಳಿ, ಕಡೇಪಕ್ಷ ಯಾವ ಬೆರಳು ಬಳಸುತ್ತೀರೋ ಅದರದ್ದಾದರೂ. ಒಳಗಿನ ಚರ್ಮ ಮೃದು, ಉಗುರಿನ ಮೊನೆ ತಾಗಿದರೆ ಉರಿಯುತ್ತದೆ. ಕೈಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒರೆಸಿಕೊಳ್ಳಬೇಕು. ಒರೆಸುವುದು ಶುಚಿಗಷ್ಟೇ ಅಲ್ಲ: ಒದ್ದೆ ಕೈಯಲ್ಲಿ ಹಿಡಿದರೆ ಉರುಳೆ ಅಲ್ಲೇ ನೀರು ಹೀರಿ ಅರಳಲು ಶುರುಮಾಡುತ್ತದೆ, ಆಮೇಲೆ ಒಳಗೆ ಜಾರುವುದಿಲ್ಲ. ಸ್ಯಾನಿಟೈಸರ್ ಹಚ್ಚಿಕೊಂಡಿದ್ದರೆ ಅದು ಆರುವ ತನಕ ಕಾಯಿರಿ. ಆ ಜಾಗಕ್ಕೆ ಆಲ್ಕೋಹಾಲ್ ಸೋಕಿದರೆ ಏನಾಗುತ್ತದೆ ಅಂತ ವಿವರಿಸಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಹೊದಿಕೆ ಬಿಚ್ಚಿದ ಮೇಲೆ ದಾರವನ್ನು ಪೂರ್ತಿ ಬಿಡಿಸಿ ಒಮ್ಮೆ ಜಗ್ಗಿ ನೋಡಿ, ಗಟ್ಟಿಯಾಗಿ ಇದೆಯಾ ಅಂತ. ಆಮೇಲೆ ಬಹಳ ಜನ ಬಿಟ್ಟುಬಿಡುವ ಒಂದು ಹೆಜ್ಜೆ ಇದೆ. ದಾರವನ್ನು ಬುಡದ ಹತ್ತಿರ ಹಿಡಿದು ಗುಂಡಗೆ ತಿರುಗಿಸಿದರೆ ಬುಡದ ಹತ್ತಿ ಸ್ವಲ್ಪ ಅರಳಿ, ನಡುವೆ ತಗ್ಗು ಬೀಳುತ್ತದೆ. ತೋರುಬೆರಳ ತುದಿ ಆ ತಗ್ಗಿನಲ್ಲಿ ಕೂರಬೇಕು. ಹೀಗೆ ಕೂತರೆ ಟ್ಯಾಂಪೂನ್ ಬೆರಳಿನ ಮುಂದುವರಿದ ಭಾಗದ ಹಾಗೇ ಆಗಿಬಿಡುತ್ತದೆ. ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ಪಕ್ಕಕ್ಕೆ ವಾಲುತ್ತದೆ, ಬೆರಳು ಒಂದು ಕಡೆ, ಅದು ಒಂದು ಕಡೆ. ತೋರುಬೆರಳೇ ಆಗಬೇಕೆಂದಿಲ್ಲ. ನನಗೆ ನಡುಬೆರಳು ಅನುಕೂಲ, ಉದ್ದ ಜಾಸ್ತಿ.

ಭಂಗಿ ಅವರವರಿಗೆ ಬಿಟ್ಟದ್ದು. ಕಮೋಡಿನ ಮೇಲೆ ಮಂಡಿ ಅಗಲಿಸಿ ಕೂರಬಹುದು, ಕುಕ್ಕರಗಾಲಲ್ಲಿ ಕೂರಬಹುದು, ನಿಂತು ಒಂದು ಕಾಲನ್ನು ಎತ್ತರದ ಮೇಲೆ ಇಡಬಹುದು. ಕುಕ್ಕರಗಾಲಲ್ಲಿ ಕೂತರೆ ದಾರಿ ಚಿಕ್ಕದಾಗುತ್ತದೆ, ಬೆರಳಿಗೆ ಬೇಗ ಸಿಗುತ್ತದೆ. ಮೊದಲ ಸಲದವರು ಒಂದು ಕೈಗನ್ನಡಿ ಇಟ್ಟುಕೊಂಡರೆ ಒಳ್ಳೆಯದು. ಮೂತ್ರದ್ವಾರ ಮುಂದೆ, ಸಣ್ಣದು. ಅದರ ಹಿಂದೆ ಯೋನಿದ್ವಾರ. ಇನ್ನೂ ಹಿಂದೆ ಗುದದ್ವಾರ. ಇದನ್ನು ಗೊತ್ತಿಲ್ಲ ಅಂತ ಹೇಳಲು ಯಾರೂ ನಾಚಿಕೊಳ್ಳಬೇಕಾಗಿಲ್ಲ. ನಮ್ಮದೇ ದೇಹದಲ್ಲಿ ನಮ್ಮ ಕಣ್ಣಿಗೆ ನೇರ ಬೀಳದ ಜಾಗ ಅದು.

ಈಗ ದಿಕ್ಕು. ತಪ್ಪುವುದು ಹೆಚ್ಚಾಗಿ ಇಲ್ಲೇ. ನಿಂತಾಗ ಯೋನಿ ನೆಟ್ಟಗೆ ಮೇಲಕ್ಕೆ ಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹೋಗುವುದಿಲ್ಲ. ಅದು ಹಿಂದಕ್ಕೆ ಓರೆಯಾಗಿ, ಸೊಂಟದ ಕೆಳಬೆನ್ನಿನ ಕಡೆಗೆ ಹೋಗುತ್ತದೆ. ನೆಟ್ಟಗೆ ಮೇಲಕ್ಕೆ ತಳ್ಳಿದರೆ ಮುಂದಿನ ಗೋಡೆಗೆ ಹೊಡೆದು ನಿಲ್ಲುತ್ತದೆ, ನೋಯುತ್ತದೆ, 'ನನಗೆ ಜಾಗವೇ ಇಲ್ಲ' ಅನ್ನಿಸುತ್ತದೆ. ಬೆರಳನ್ನು ಬೆನ್ನಿನ ಕಡೆ ಓರೆ ಮಾಡಿ. ಇನ್ನೊಂದು ಕೈಯಿಂದ ಹೊರತುಟಿಗಳನ್ನು ಬಿಡಿಸಿ ಹಿಡಿದು, ಉಸಿರನ್ನು ನಿಧಾನ ಹೊರಬಿಡುತ್ತಾ ತಳ್ಳಿ. ಉಸಿರು ಬಿಗಿಹಿಡಿದರೆ ಕೆಳಗಿನ ಸ್ನಾಯುಗಳೂ ಬಿಗಿಹಿಡಿಯುತ್ತವೆ.

ಮೊದಲ ಎರಡು ಮೂರು ಸೆಂಟಿಮೀಟರ್ ಬಿಗಿ. ಅಲ್ಲಿ ಸುತ್ತಲೂ ಸ್ನಾಯು ಇದೆ, ಬೆರಳ ಸುತ್ತ ಅದು ಹಿಡಿಯುವುದು ತಿಳಿಯುತ್ತದೆ. ಅದನ್ನು ದಾಟಿದರೆ ಒಮ್ಮೆಗೇ ಸಡಿಲ. ಟ್ಯಾಂಪೂನ್ ಇರಬೇಕಾದ ಜಾಗ ಆ ಸಡಿಲದಲ್ಲಿ. ಅಲ್ಲಿ ಸ್ಪರ್ಶ ತಿಳಿಯುವುದು ಕಡಿಮೆ, ಹಾಗಾಗಿ ಸರಿಯಾಗಿ ಕೂತ ಟ್ಯಾಂಪೂನ್ ಇದೆಯೋ ಇಲ್ಲವೋ ಎಂಬುದೇ ಮರೆತುಹೋಗುತ್ತದೆ. 'ಟ್ಯಾಂಪೂನ್ ಹಾಕಿದರೆ ನಡೆಯೋಕೆ ಆಗಲ್ಲ, ಚುಚ್ಚುತ್ತೆ' ಅನ್ನುವವರಲ್ಲಿ ಹೆಚ್ಚಿನವರು ಹೆದರಿ ಆ ಬಿಗಿಯಲ್ಲೇ ನಿಲ್ಲಿಸಿರುತ್ತಾರೆ. ಅರ್ಧಕ್ಕೆ ನಿಂತದ್ದೇ ಚುಚ್ಚುವುದು. ಬೆರಳು ಎರಡನೇ ಗೆಣ್ಣಿನವರೆಗೆ ಒಳಗೆ ಹೋದರೆ ಸಾಮಾನ್ಯವಾಗಿ ಸರಿಯಾದ ಜಾಗ. ಎದ್ದು ನಿಂತು ಎರಡು ಹೆಜ್ಜೆ ನಡೆದು, ಒಮ್ಮೆ ಕೂತು ನೋಡಿ. ಏನೋ ಇದೆ ಅನ್ನಿಸಿದರೆ ಇನ್ನೊಂಚೂರು ಒಳಗೆ ತಳ್ಳಿ. ಆಗಲೂ ಹಾಗೇ ಅನ್ನಿಸಿದರೆ ತೆಗೆದು ಹೊಸದು ಹಾಕಿ. ತೆಗೆದದ್ದನ್ನೇ ಮತ್ತೆ ಹಾಕಬಾರದು.

ಕೊಳವೆಯದ್ದು ಇಲ್ಲಿ ಸೋಲುತ್ತದೆ ಅಂತ ನನ್ನ ಅಭಿಪ್ರಾಯ. ಕೊಳವೆಯಲ್ಲಿ ತಳ್ಳಿ, ಕೊಳವೆ ಹೊರಗೆಳೆದ ಮೇಲೆ ಅದು ಎಲ್ಲಿ ನಿಂತಿತು ಅಂತ ಊಹೆ ಮಾಡಬೇಕು. ಇನ್ನೊಂದು ವ್ಯತ್ಯಾಸವೂ ಉಂಟು: ಬೆರಳಿನಿಂದ ಇಡುವವು ಸಾಮಾನ್ಯವಾಗಿ ಅಗಲಕ್ಕೆ ಅರಳುತ್ತವೆ, ಕೊಳವೆಯವುಗಳಲ್ಲಿ ಎಷ್ಟೋ ಉದ್ದಕ್ಕೆ ಬೆಳೆಯುತ್ತವೆ. ಪಕ್ಕದಿಂದ ಸೋರುವುದು ನನಗೆ ಇದರಲ್ಲಿ ಕಡಿಮೆ. ನಿಮ್ಮ ದೇಹದಲ್ಲಿ ಹೇಗೋ, ಬಳಸಿಯೇ ನೋಡಬೇಕು.

ಬಾತ್ರೂಮಿನ ಬಾಗಿಲಾಚೆ ನಿಂತು ನನ್ನ ತಂಗಿಗೆ ಇದನ್ನೆಲ್ಲ ಹೇಳಿಕೊಟ್ಟವಳು ನಾನೇ. ಒಳಗಿನಿಂದ ಅವಳ ಮೊದಲ ಪ್ರಶ್ನೆ: "ಅಕ್ಕಾ, ಒಳಗೇ ಹೋಗಿ ಕಳೆದುಹೋದ್ರೆ?"

"ಎಲ್ಲಿಗೆ ಹೋಗುತ್ತೆ ಮಾರಾಯ್ತಿ, ಅದು ಕೊನೆ ಇರೋ ದಾರಿ."

"ಹೊಟ್ಟೆಗೆ ಹೋದ್ರೆ?"

ಹೋಗುವುದಿಲ್ಲ. ಯೋನಿಯ ಕೊನೆಯಲ್ಲಿ ಗರ್ಭಕೊರಳು ಇದೆ. ಅದರ ರಂಧ್ರದಲ್ಲಿ ರಕ್ತ ಹರಿದು ಬರುತ್ತದೆಯೇ ಹೊರತು ಟ್ಯಾಂಪೂನ್ ನುಗ್ಗುವಷ್ಟು ದೊಡ್ಡದಲ್ಲ. ದಾರ ಒಳಗೆ ಸೇರಿಕೊಂಡರೆ ಕುಕ್ಕರಗಾಲಲ್ಲಿ ಕೂತು, ಮಲವಿಸರ್ಜನೆಗೆ ಮುಕ್ಕುವ ಹಾಗೆ ಮೆಲ್ಲಗೆ ಮುಕ್ಕಿ, ಶುಚಿಯಾದ ಬೆರಳಿನಿಂದ ಹುಡುಕಿ. ಸಿಗದಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಅವರಿಗೆ ಇದು ಹೊಸದೂ ಅಲ್ಲ, ನಗುವ ವಿಷಯವೂ ಅಲ್ಲ, ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಇಕ್ಕಳ, ಚಿಮಟ ಅಂತ ಮನೆಯಲ್ಲಿ ಸಾಹಸ ಮಾತ್ರ ಬೇಡ.

ಅವಳ ಎರಡನೇ ಪ್ರಶ್ನೆ ಮೂತ್ರದ್ದು. ಟ್ಯಾಂಪೂನ್ ಇದ್ದಾಗಲೇ ಮೂತ್ರ ಮಾಡಬಹುದು, ಆ ದಾರಿಯೇ ಬೇರೆ. ದಾರ ಮಾತ್ರ ಒದ್ದೆಯಾಗದಂತೆ ಪಕ್ಕಕ್ಕೆ ಹಿಡಿದುಕೊಂಡರಾಯಿತು. ಮೂರನೆಯದನ್ನು ಅವಳು ಕೇಳಲಿಲ್ಲ, ಕೇಳಬೇಕು ಅಂತಿತ್ತು ಅಂತ ನನಗೆ ಗೊತ್ತಾಯಿತು. ಹಾಗಾಗಿ ನಾನೇ ಹೇಳಿದೆ. ಕನ್ಯಾಪೊರೆ ಬಹುತೇಕರಲ್ಲಿ ದ್ವಾರದ ಅಂಚಿಗಿರುವ, ಹಿಗ್ಗುವ ಅಂಗಾಂಶ. ಮುಟ್ಟಿನ ರಕ್ತ ಹೊರಬರುವುದೇ ಅದರ ತೆರಪಿನಿಂದ. ಲೈಂಗಿಕ ಸಂಪರ್ಕ ಆಗದವರೂ ಟ್ಯಾಂಪೂನ್ ಬಳಸಬಹುದು. ಕೆಲವರಲ್ಲಿ ಮಾತ್ರ ಆ ತೆರಪಿಗೆ ಅಡ್ಡಲಾಗಿ ಅಂಗಾಂಶದ ಒಂದು ಎಳೆ ಇರುತ್ತದೆ. ಅಂಥವರಿಗೆ ಟ್ಯಾಂಪೂನ್ ಒಳಗೆ ಹೋದರೂ ಹೀರಿ ಉಬ್ಬಿದ ಮೇಲೆ ಹೊರಗೆ ತೆಗೆಯುವುದು ಕಷ್ಟ. ಎಷ್ಟು ನಿಧಾನ ಮಾಡಿದರೂ, ದಿಕ್ಕು ಸರಿ ಇದ್ದರೂ ಪ್ರತಿ ಸಲ ನೋಯುತ್ತದೆ ಅಂತಾದರೆ ಹಲ್ಲು ಕಚ್ಚಿಕೊಂಡು ಮುಂದುವರಿಯಬೇಡಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮುಟ್ಟಿದ ತಕ್ಷಣ ಆ ಸ್ನಾಯುಗಳು ತಾವೇ ಬಿಗಿಯುವ ತೊಂದರೆಯೂ ಇದೆ, ಅದಕ್ಕೆ ಚಿಕಿತ್ಸೆಯೂ ಇದೆ.

ಯಾವ ಗಾತ್ರ ಕೊಳ್ಳಬೇಕು? ಡಬ್ಬಿಯ ಮೇಲಿನ ಲೈಟ್, ರೆಗ್ಯುಲರ್, ಸೂಪರ್ ಎಲ್ಲ ವಯಸ್ಸಿನ ಲೆಕ್ಕವೂ ಅಲ್ಲ, ಮೈಕಟ್ಟಿನ ಲೆಕ್ಕವೂ ಅಲ್ಲ. ಎಷ್ಟು ಹೀರುತ್ತದೆ ಅನ್ನುವುದು. ಅಮೆರಿಕದ ನಿಯಮದ ಪ್ರಕಾರ ಲೈಟ್ 6 ಗ್ರಾಂ ತನಕ, ರೆಗ್ಯುಲರ್ 6ರಿಂದ 9, ಸೂಪರ್ 9ರಿಂದ 12, ಸೂಪರ್ ಪ್ಲಸ್ 12ರಿಂದ 15, ಅಲ್ಟ್ರಾ 15ರಿಂದ 18 ಗ್ರಾಂ. ಯುರೋಪಿನ ಡಬ್ಬಿಗಳಲ್ಲಿ ಹನಿಗಳ ಚಿತ್ರ ಇರುತ್ತದೆ, ಹನಿ ಜಾಸ್ತಿಯಾದಷ್ಟೂ ಹೀರುವುದು ಜಾಸ್ತಿ. ದೊಡ್ಡದು ಹಾಕಿದರೆ ದಿನವಿಡೀ ನಿಶ್ಚಿಂತೆ ಅಂತ ಅನ್ನಿಸುತ್ತದೆ. ಆ ಆಸೆ ಬೇಡ. ನಮ್ಮ ಸ್ರಾವಕ್ಕೆ ಸಾಲುವಷ್ಟರಲ್ಲಿ ಅತಿ ಕಡಿಮೆ ಹೀರುವುದನ್ನೇ ಆರಿಸಬೇಕು. ನಾನು ಮೊದಲ ಎರಡು ದಿನ ರೆಗ್ಯುಲರ್, ಆಮೇಲೆ ಲೈಟ್. ಕೊನೆಯ ದಿನ, ಬರೀ ಕಲೆ ಕಾಣುವ ಹೊತ್ತಿಗೆ, ತೆಳುವಾದ ಪ್ಯಾಡ್ ಸಾಕು.

ಸರಿಯಾದ ಗಾತ್ರವೋ ಅಲ್ಲವೋ ಅಂತ ತಿಳಿಯುವುದು ತೆಗೆಯುವಾಗ. ದಾರ ಹಿಡಿದು, ಹಾಕಿದ್ದ ಓರೆಯಲ್ಲೇ ಮುಂದಕ್ಕೂ ಕೆಳಕ್ಕೂ ಎಳೆಯಬೇಕು. ಚೆನ್ನಾಗಿ ನೆಂದದ್ದು ಸಲೀಸಾಗಿ ಜಾರಿ ಬರುತ್ತದೆ. ಎಳೆದಾಗ ಒಣಬಟ್ಟೆ ಉಜ್ಜಿದ ಹಾಗಾಗಿ, ಹೊರಬಂದಾಗ ಮೇಲುಭಾಗ ಇನ್ನೂ ಬೆಳ್ಳಗೆ ಇದ್ದರೆ ಅಗತ್ಯಕ್ಕಿಂತ ಹೆಚ್ಚು ಹೀರುವುದನ್ನು ಹಾಕಿದ್ದೀರಿ ಎಂದರ್ಥ; ಮುಂದಿನದು ಒಂದು ಮೆಟ್ಟಿಲು ಕಡಿಮೆ. ಒಣ ಟ್ಯಾಂಪೂನ್ ಎಳೆದರೆ ಒಳಗೆ ಸಣ್ಣ ಗಾಯವಾಗಬಹುದು. ಹಾಕಿ ನಾಲ್ಕು ಗಂಟೆ ಕಳೆಯುವ ಮೊದಲೇ ತುಂಬಿ ಸೋರುತ್ತಿದ್ದರೆ ಒಂದು ಮೆಟ್ಟಿಲು ಹೆಚ್ಚು. ಗಂಟೆಗೊಂದರಂತೆ, ಬಿಡದೆ ಹಲವು ಗಂಟೆ ತುಂಬುತ್ತಾ ಹೋದರೆ ಅದು ಟ್ಯಾಂಪೂನಿನ ಸಮಸ್ಯೆಯಲ್ಲ, ಡಾಕ್ಟರಿಗೆ ಹೇಳಬೇಕಾದ್ದು. ತೆಗೆದದ್ದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ. ಕಮೋಡಿಗೆ ಹಾಕಿ ಫ್ಲಶ್ ಮಾಡಿದರೆ ಪೈಪು ಕಟ್ಟಿಕೊಳ್ಳುತ್ತದೆ.

ಭಯ ಹುಟ್ಟಿಸುವ ವಿಷಯಕ್ಕೆ ಬರೋಣ. ಟಾಕ್ಸಿಕ್ ಶಾಕ್ ಸಿಂಡ್ರೋಮ್. ಅಪರೂಪ, ಆದರೆ ಬಂದರೆ ಜೀವಕ್ಕೇ ಅಪಾಯ. ಸ್ಟಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ರಕ್ತಕ್ಕೆ ಸೇರಿ ಆಗುವಂಥದ್ದು. 1980ರಲ್ಲಿ ಅಮೆರಿಕದಲ್ಲಿ ಇದರ ಪ್ರಕರಣಗಳು ಒಮ್ಮೆಗೇ ಏರಿದವು. ವಿಪರೀತ ಹೀರುವ ಕೃತಕ ವಸ್ತುಗಳಿಂದ ಮಾಡಿದ್ದ 'ರಿಲೈ' ಎಂಬ ಟ್ಯಾಂಪೂನನ್ನು ಅದೇ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡರು. ಮೇಲೆ ಹೇಳಿದ ಗ್ರಾಂ ಲೆಕ್ಕ ಡಬ್ಬಿಯ ಮೇಲೆ ಬರುವಂತಾದದ್ದು ಆ ಗಲಾಟೆಯ ನಂತರ. ಕಡಿಮೆ ಹೀರುವುದನ್ನೇ ಆರಿಸಿ ಅಂತ ಹೇಳುವುದರ ಹಿಂದಿನ ಕಾರಣವೂ ಅದೇ. ಕೊಳವೆ ಇದೆಯೋ ಇಲ್ಲವೋ ಎಂಬುದಕ್ಕಿಂತ ಎಷ್ಟು ಹೀರುತ್ತದೆ, ಎಷ್ಟು ಹೊತ್ತು ಒಳಗಿದೆ ಅನ್ನುವುದೇ ಇಲ್ಲಿ ಮುಖ್ಯ.

ನಾಲ್ಕರಿಂದ ಎಂಟು ಗಂಟೆಯೊಳಗೆ ಬದಲಾಯಿಸಬೇಕು, ಎಂಟು ದಾಟಬಾರದು. ನಾನು ಹಾಕಿದ ತಕ್ಷಣ, ಆರು ಗಂಟೆ ಕಳೆದ ಮೇಲೆ ಹೊಡೆಯುವ ಹಾಗೆ ಫೋನಿನಲ್ಲಿ ಅಲಾರಂ ಇಡುತ್ತೇನೆ. ಹಾಯಾಗಿ ಕೂತದ್ದು ಮರೆತುಹೋಗುತ್ತದೆ ಅಂದೆನಲ್ಲ, ಆ ಒಳ್ಳೆಯ ಗುಣದ ಅಪಾಯವೂ ಅದೇ. ಎಂಟು ಗಂಟೆಗಿಂತ ಹೆಚ್ಚು ಮಲಗುವ ರಾತ್ರಿ ಪ್ಯಾಡ್. ಹೊಸದು ಹಾಕುವ ಮುಂಚೆ ಹಳೆಯದು ತೆಗೆದಿದ್ದೇನಾ ಅಂತ ನೋಡಿಕೊಳ್ಳಿ, ಮುಟ್ಟು ಮುಗಿದ ದಿನವೂ ನೋಡಿಕೊಳ್ಳಿ. ಮುಟ್ಟಿಲ್ಲದ ದಿನ ಬಿಳಿಸೆರಗಿಗೆ ಅಂತ ಹಾಕಲೇಬಾರದು. ಟ್ಯಾಂಪೂನ್ ಹಾಕಿಕೊಂಡಿರುವಾಗ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ಭೇದಿ, ತಲೆಸುತ್ತು, ಮೈಕೈ ನೋವು, ಬಿಸಿಲಿಗೆ ಸುಟ್ಟಂಥ ಕೆಂಪು ದದ್ದು ಕಂಡರೆ ಟ್ಯಾಂಪೂನ್ ತೆಗೆದು ಕೂಡಲೇ ಆಸ್ಪತ್ರೆಗೆ ಓಡಿ, 'ಟ್ಯಾಂಪೂನ್ ಬಳಸುತ್ತಿದ್ದೆ' ಅಂತ ಬಾಯಿಬಿಟ್ಟು ಹೇಳಿ. ಡಾಕ್ಟರಿಗೆ ಆ ಒಂದು ಮಾತು ಬಹಳ ಮುಖ್ಯ. ಒಮ್ಮೆ ಈ ಕಾಯಿಲೆ ಬಂದವರು ಮತ್ತೆ ಟ್ಯಾಂಪೂನ್ ಮುಟ್ಟಬಾರದು. ಕಪ್ಪಿಗೆ ಬದಲಾದರೆ ಅಪಾಯ ಪೂರ್ತಿ ತಪ್ಪಿತು ಅಂತಲೂ ಇಲ್ಲ, ಕಪ್ ಬಳಸಿದವರಲ್ಲೂ ಇದು ಕಂಡುಬಂದಿದೆ.

ಇನ್ನು ಕಿರಿಕಿರಿಗಳು. ಬೆರಳಿಗೆ ರಕ್ತ ಆಗುತ್ತದೆ. ನನಗೆ ಅದೇನೂ ಅಸಹ್ಯವಲ್ಲ, ಆದರೆ ಕೈ ತೊಳೆಯುವ ನಲ್ಲಿ ಬಾಗಿಲಾಚೆ ಇರುವ ಸಾರ್ವಜನಿಕ ಶೌಚಾಲಯದಲ್ಲಿ ತಾಪತ್ರಯವೇ. ಒಳಹೋಗುವ ಮುಂಚೆ ಕೈ ತೊಳೆದು, ಒದ್ದೆ ಮಾಡಿದ ಟಿಶ್ಯೂ ಒಂದನ್ನು ಜೊತೆಗೆ ಒಯ್ಯುತ್ತೇನೆ, ಬೆರಳು ಒರೆಸಿಕೊಂಡು ಹೊರಬರಲು. ನೀರೇ ಇಲ್ಲದ ಕಡೆ ಕೊಳವೆಯದ್ದೇ ವಾಸಿ, ಒಪ್ಪಿಕೊಳ್ಳಬೇಕಾದ ಮಾತು. ಹೊದಿಕೆ ತೆಳು, ಬ್ಯಾಗಿನಲ್ಲಿ ಕೀಲಿಕೈ ಜೊತೆ ಬಿದ್ದಿದ್ದರೆ ಹರಿಯುತ್ತದೆ, ಹರಿದದ್ದನ್ನು ಬಳಸಬೇಡಿ. ಡಬ್ಬಿಯನ್ನು ಸ್ನಾನದ ಮನೆಯಲ್ಲಿ ಇಡುವುದಕ್ಕಿಂತ ಬೀರುವಿನಲ್ಲಿ ಇಡಿ, ತೇವ ತಾಗಿದರೆ ಇದು ಡಬ್ಬಿಯಲ್ಲಿದ್ದಾಗಲೇ ಅರಳಿಬಿಡುವ ಜಾತಿ. ಸುವಾಸನೆ ಹಾಕಿದ್ದನ್ನು ನಾನು ಕೊಳ್ಳುವುದಿಲ್ಲ. ಆ ಜಾಗಕ್ಕೆ ಪರಿಮಳ ಯಾಕೆ ಬೇಕೋ ನನಗಿನ್ನೂ ಅರ್ಥವಾಗಿಲ್ಲ, ಚರ್ಮಕ್ಕೆ ಉರಿ ತರುವ ಸಾಧ್ಯತೆ ಮಾತ್ರ ಇದೆ.

ಈಜಿಗೆ ಒಂದು ಮಾತು. ದಾರವನ್ನು ಈಜುಡುಗೆಯೊಳಗೆ ಸೇರಿಸಿಕೊಂಡರೆ ಸಾಕು. ದಾರ ನೀರು ಕುಡಿದಿರುತ್ತದೆ, ಹಾಗಾಗಿ ಕೊಳದಿಂದ ಹೊರಬಂದ ತಕ್ಷಣ ಟ್ಯಾಂಪೂನ್ ಬದಲಾಯಿಸುವುದು ನನ್ನ ರೂಢಿ.

ಬೆರಳ ಗಂಟುಗಳಲ್ಲಿ ನೋವಿರುವವರು, ಕೈ ಅಷ್ಟು ದೂರ ಬಾಗದವರು, ಉದ್ದ ಉಗುರು ಬಿಡಲೇಬೇಕಾದ ಕೆಲಸದವರು ಕೊಳವೆಯದ್ದನ್ನೇ ಕೊಳ್ಳಿ. ಹೆರಿಗೆಯಾದವರು ಡಾಕ್ಟರು ಸರಿ ಅನ್ನುವ ತನಕ ಯಾವ ಟ್ಯಾಂಪೂನನ್ನೂ ಬಳಸಬೇಡಿ. ಗರ್ಭಕೋಶದಲ್ಲಿ ಕಾಪರ್‌-ಟಿ ಇರುವವರು ಟ್ಯಾಂಪೂನಿನ ದಾರದ ಜೊತೆ ಅದರ ದಾರವನ್ನೂ ಜಗ್ಗದಂತೆ ನೋಡಿಕೊಳ್ಳಿ. ಮಿಕ್ಕವರು ಮೊದಲ ಡಬ್ಬಿ ಲೈಟ್ ತನ್ನಿ, ಸ್ರಾವ ಜಾಸ್ತಿ ಇರುವ ದಿನವೇ ಮೊದಲು ಹಾಕಿ ನೋಡಿ, ಆವತ್ತು ಸಲೀಸಾಗಿ ಜಾರುತ್ತದೆ. ಒಣ ಅನ್ನಿಸಿದರೆ ತುದಿಗೆ ನೀರು ಆಧಾರಿತ ಲೂಬ್ರಿಕೆಂಟ್ ಒಂಚೂರು ಸವರಬಹುದು. ಎಣ್ಣೆ, ಪೆಟ್ರೋಲಿಯಂ ಜೆಲ್ಲಿ ಬೇಡ.